ಎರಡನೇ ಅಚ್ಚು ಎಲ್ಲಿ ಬೀಳಬೇಕು?

1854ರಲ್ಲಿ ಕಲ್ಕತ್ತೆಯ ಸರ್ವೇ ಕಚೇರಿಯ ಕಲ್ಲಚ್ಚಿನಲ್ಲಿ ನಾಲ್ಕಾಣೆಯ ಒಂದು ಅಂಚೆಚೀಟಿ ತಯಾರಾಯಿತು. ಉಸ್ತುವಾರಿ ಕ್ಯಾಪ್ಟನ್ ಹೆನ್ರಿ ಥುಲಿಯರ್ ಎಂಬ ಅಧಿಕಾರಿಯದು. ಸುತ್ತಲಿನ ಚೌಕಟ್ಟು ಕೆಂಪು, ನಡುವೆ ವಿಕ್ಟೋರಿಯಾ ರಾಣಿಯ ತಲೆ ನೀಲಿ. ಎರಡು ಬಣ್ಣವೆಂದರೆ ಎರಡು ಕಲ್ಲು, ಎರಡು ಕಲ್ಲೆಂದರೆ ಪ್ರತಿ ಹಾಳೆಯೂ ಎರಡು ಸಲ ಅಚ್ಚಿಗೆ ಹೋಗಬೇಕು. ಕೆಲವು ಹಾಳೆ ಒಂದು ಸಲ ನೆಟ್ಟಗೆ ಹೋಗಿ ಇನ್ನೊಂದು ಸಲ ತಲೆಕೆಳಗಾಗಿ ಹೋದವು. ಚೌಕಟ್ಟಿನ ಅಕ್ಷರಗಳನ್ನು ನೇರವಾಗಿ ಹಿಡಿದು ಓದಿದರೆ ರಾಣಿ ಶೀರ್ಷಾಸನ ಹಾಕಿರುತ್ತಾಳೆ. ಅಂಥ ಚೀಟಿಗಳಲ್ಲಿ ಇಂದು ಉಳಿದಿರುವುದು ಮೂರು ಡಜನ್ನಿಗೂ ಕಡಿಮೆ. ಅಂಚೆಚೀಟಿ ಸಂಗ್ರಹಿಸುವವರ ಲೋಕದಲ್ಲಿ ಅವಕ್ಕೆ ಕಟ್ಟುವ ಬೆಲೆ ಕೇಳಿದರೆ ನಮ್ಮಂಥವರಿಗೆ ತಲೆ ತಿರುಗುತ್ತದೆ.

ಅಷ್ಟು ದೊಡ್ಡ ತಪ್ಪಿಗೆ ಒಂದು ಕಥೆಯಾದರೂ ಸಿಕ್ಕಿತು. ನನ್ನ ಕುತೂಹಲ ಇರುವುದು ಸಣ್ಣ ತಪ್ಪಿನ ಮೇಲೆ. ಕೂದಲೆಳೆಯಷ್ಟು ಪಕ್ಕಕ್ಕೆ ಸರಿದ ಬಣ್ಣ, ಗೆರೆಯಿಂದ ಹೊರಗೆ ಚೆಲ್ಲಿದ ಕೆಂಪು. ಒಂದು ಸಲ ಒತ್ತಿದ ಜಾಗದಲ್ಲಿಯೇ ಮತ್ತೊಂದು ಸಲ ಒತ್ತುವುದು ಹೇಗೆ? ಕೇಳುವುದಕ್ಕೆ ಮಕ್ಕಳ ಪ್ರಶ್ನೆ. ಆದರೆ ಬಣ್ಣದ ಚಿತ್ರ ಅರಮನೆ ಬಿಟ್ಟು ಬಡವರ ಮನೆಯ ಗೋಡೆಗೆ ಬಂದದ್ದು ಈ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆಯೇ.

ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ಭಂಡಿಗಡಿಯಲ್ಲಿ. ಕೊಪ್ಪ ತಾಲ್ಲೂಕಿನ ಈ ಊರನ್ನು ಅಚ್ಚಿನ ಇತಿಹಾಸದಲ್ಲಿ ಹುಡುಕಿದರೆ ಸಿಗುವುದಿಲ್ಲ. ಅಡಿಕೆ ತೋಟ, ಕಾಫಿ, ಮಳೆ, ಮಳೆ ನಿಂತ ಮೇಲೂ ಮರದಿಂದ ತೊಟ್ಟಿಕ್ಕುವ ಮಳೆ. ಇಲ್ಲಿ ನನ್ನ ತಂಗಿಯ ಮಗಳು ಮೂರು ವರ್ಷದಿಂದ ಕೈಯಿಂದ ಶುಭಾಶಯ ಪತ್ರಗಳನ್ನು ಮಾಡಿ ಮಾರುತ್ತಿದ್ದಾಳೆ. ಗೃಹಪ್ರವೇಶಕ್ಕೆ, ನಾಮಕರಣಕ್ಕೆ, ಈಚೆಗೆ ಒಂದೆರಡು ಮದುವೆಗೂ ಮಾಡಿಕೊಟ್ಟಳು. ಪಾರದರ್ಶಕ ಪಾಲಿಮರ್ ಸ್ಟಾಂಪು, ಶಾಯಿಯ ಪ್ಯಾಡು, ದಪ್ಪ ಕಾಗದ ಇಷ್ಟೇ ಬಂಡವಾಳ. ಒಂದು ಹೂವಿಗೆ ಮೂರು ಸ್ಟಾಂಪು: ತಿಳಿಬಣ್ಣದ ಎಸಳು, ಅದರ ಮೇಲೆ ಗಾಢಬಣ್ಣದ ನೆರಳು, ಕೊನೆಗೆ ಗೆರೆ. ಮೂರೂ ಒಂದೇ ಜಾಗದಲ್ಲಿ ಕೂತರೆ ಹೂವು. ಇಲ್ಲದಿದ್ದರೆ ಮಳೆಯಲ್ಲಿ ನೆನೆದ ಹೂವು.

ಅವಳ ಹತ್ತಿರ ಒಂದು ಸಾಧನವಿದೆ. ಎಲ್ ಆಕಾರದ ಎರಡು ಮರದ ಪಟ್ಟಿ, ಜೊತೆಗೆ ಒಂದು ಪಾರದರ್ಶಕ ಹಾಳೆ. ಅಂಗಡಿಯಲ್ಲಿ ಸಿಗುವ ಅಕ್ರಿಲಿಕ್ಕಿನದು ದುಬಾರಿ ಎಂದು ಊರಿನ ಬಡಗಿಯಿಂದ ಮೂಲೆಮಟ್ಟ ಹಿಡಿಸಿ ಮಾಡಿಸಿಕೊಂಡದ್ದು. ಅವಳು ಅದನ್ನು ಬಳಸುವ ರೀತಿ ಹೀಗೆ: ಮೊದಲು ಪಾರದರ್ಶಕ ಹಾಳೆಯ ಮೂಲೆಯನ್ನು ಪಟ್ಟಿಗಳ ಒಳಮೂಲೆಗೆ ಒತ್ತಿ ಇಡುತ್ತಾಳೆ. ಸ್ಟಾಂಪು ಕೂರಿಸಿದ ಮರದ ತುಂಡನ್ನೂ ಅದೇ ಒಳಮೂಲೆಗೆ ತಾಗಿಸಿ ಹಾಳೆಯ ಮೇಲೆ ಒತ್ತುತ್ತಾಳೆ. ಈಗ ಹಾಳೆಯ ಮೇಲೆ ಅಚ್ಚು ಬಿತ್ತು. ಆ ಹಾಳೆಯನ್ನು ಕಾರ್ಡಿನ ಮೇಲಿಟ್ಟು ಅತ್ತಿತ್ತ ಸರಿಸಿ, ಹೂವು ಎಲ್ಲಿ ಬರಬೇಕೋ ಅಲ್ಲಿ ತಂದು ನಿಲ್ಲಿಸುತ್ತಾಳೆ. ಹಾಳೆಯ ಮೂಲೆಗೆ ಪಟ್ಟಿಗಳನ್ನು ತಾಗಿಸಿ ಗಟ್ಟಿಯಾಗಿ ಹಿಡಿದು, ಹಾಳೆಯನ್ನು ಮೆಲ್ಲಗೆ ಎಳೆದುಬಿಡುತ್ತಾಳೆ. ಉಳಿದದ್ದು ಖಾಲಿ ಮೂಲೆ. ಮರದ ತುಂಡನ್ನು ಮತ್ತೆ ಆ ಮೂಲೆಗೆ ತಾಗಿಸಿ ಒತ್ತಿದರೆ ಅಚ್ಚು ನೋಡಿಟ್ಟ ಜಾಗದಲ್ಲೇ ಬೀಳುತ್ತದೆ. ಎರಡನೇ ಸ್ಟಾಂಪಿಗೂ ಇದೇ ಕ್ರಮ.

ಮೊದಲ ಸಲ ನೋಡಿದಾಗ ಇದು ಯಾವುದೋ ಅಮೆರಿಕದ ಹವ್ಯಾಸಿಗಳ ಜಾಣತನ ಅನ್ನಿಸಿತ್ತು. ಆ ರೂಪದಲ್ಲಿ ಅದು ಬಂದದ್ದು ಅಲ್ಲಿಂದಲೇ. ಆದರೆ ಮೂಲೆ ಅಲ್ಲಿಯದಲ್ಲ.

ಎದೋ ಎಂದು ಆಗ ಕರೆಯುತ್ತಿದ್ದ ಇಂದಿನ ಟೋಕಿಯೋದಲ್ಲಿ 1765ರ ಹೊತ್ತಿಗೆ ಸುಜುಕಿ ಹರುನೊಬು ಎಂಬ ಕಲಾವಿದನ ಹೆಸರಿನೊಡನೆ ಪೂರ್ಣವರ್ಣದ ಮರದಚ್ಚಿನ ಚಿತ್ರಗಳು ಬರತೊಡಗಿದವು. ನಿಶಿಕಿ-ಎ, ಅಂದರೆ ಜರತಾರಿಯ ಬಟ್ಟೆಯಂಥ ಚಿತ್ರ ಎಂದು ಅವಕ್ಕೆ ಹೆಸರು. ಒಂದೊಂದು ಬಣ್ಣಕ್ಕೆ ಒಂದೊಂದು ಹಲಗೆ. ಒಂದೇ ತೆಳ್ಳನೆಯ ಹಾಳೆ ಎಷ್ಟೋ ಹಲಗೆಗಳ ಮೇಲೆ ಮಗುಚಿ ಬಿದ್ದು ಏಳಬೇಕು. ಆ ಕೆಲಸಗಾರರು ಕಂಡುಕೊಂಡ ಉಪಾಯಕ್ಕೆ ಕೆಂತೊ ಎನ್ನುತ್ತಾರೆ. ಹಲಗೆಯ ಒಂದು ಮೂಲೆಯಲ್ಲಿ ಎಲ್ ಆಕಾರದ ಸಣ್ಣ ಕಚ್ಚು, ಅದೇ ಅಂಚಿನ ಇನ್ನೊಂದು ತುದಿಯ ಕಡೆ ನೇರವಾದ ಇನ್ನೊಂದು ಕಚ್ಚು. ಮೊದಲನೆಯದು ಕಗಿ, ಎರಡನೆಯದು ಹಿಕಿತ್ಸುಕೆ. ಮುದ್ರಕ ಕಾಗದದ ಮೂಲೆಯನ್ನು ಕಗಿಗೆ ಕೂರಿಸುತ್ತಾನೆ, ಅಂಚನ್ನು ಹಿಕಿತ್ಸುಕೆಗೆ ತಾಗಿಸುತ್ತಾನೆ, ಉಳಿದ ಹಾಳೆಯನ್ನು ಕೈಬಿಡುತ್ತಾನೆ. ಅಷ್ಟೇ. ಕಣ್ಣಿಟ್ಟು ಗೆರೆಗೆ ಗೆರೆ ಹೊಂದಿಸುವ ಕೆಲಸವೇ ಇಲ್ಲ.

ಇದರಲ್ಲಿ ಒಂದು ಲೆಕ್ಕ ಅಡಗಿದೆ. ಸಮತಟ್ಟಾದ ಜಾಗದಲ್ಲಿ ನೇರ ಅಂಚಿನ ಹಾಳೆಯೊಂದನ್ನು ಅಲುಗದಂತೆ ಹಿಡಿದಿಡಲು ಮೂರು ಕಡೆ ತಾಗಿಸಿದರೆ ಸಾಕು: ಒಂದು ಅಂಚಿಗೆ ಎರಡು, ಪಕ್ಕದ ಅಂಚಿಗೆ ಒಂದು. ಎರಡಾದರೆ ಹಾಳೆ ತಿರುಗುತ್ತದೆ. ನಾಲ್ಕಾದರೆ ಯಾವುದೋ ಒಂದು ಸುಮ್ಮನೆ ಜಗಳ ತೆಗೆಯುತ್ತದೆ. ಕಗಿ ಎರಡು ಕಡೆ ತಾಗುತ್ತದೆ, ಹಿಕಿತ್ಸುಕೆ ಒಂದು ಕಡೆ. ಎದೋದ ಮುದ್ರಕರು ರೇಖಾಗಣಿತ ಓದಿ ಇದನ್ನು ಮಾಡಿರಲಾರರು. ಹಾಳೆಗಳು ಕೆಟ್ಟು ಕೆಟ್ಟು ಕಲಿಸಿರಬೇಕು.

ಹಾಗಾದರೆ ಹತ್ತಾರು ಹಲಗೆಗಳಲ್ಲಿ ಕಚ್ಚು ಒಂದೇ ಜಾಗದಲ್ಲಿ ಬರುವುದು ಹೇಗೆ? ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಮೊದಲು ಗೆರೆಯ ಹಲಗೆಯನ್ನು ಕೆತ್ತುತ್ತಿದ್ದರು, ಕೆಂತೊ ಗುರುತುಗಳ ಸಮೇತ. ಅದರಿಂದ ತೆಳುಕಾಗದದ ಮೇಲೆ ಬೇಕಾದಷ್ಟು ಪ್ರತಿ ತೆಗೆದು, ಬಣ್ಣದ ಒಂದೊಂದು ಹಲಗೆಗೂ ಒಂದೊಂದು ಪ್ರತಿಯನ್ನು ಮಗುಚಿ ಅಂಟಿಸಿ, ಕಾಗದದ ಮೇಲಿಂದಲೇ ಕೆತ್ತುತ್ತಿದ್ದರು. ಗುರುತೂ ಚಿತ್ರವೂ ಒಟ್ಟಿಗೇ ಹೊಸ ಹಲಗೆಗೆ ಬಂದವು. ನಮ್ಮ ಹುಡುಗಿಯ ಪಾರದರ್ಶಕ ಹಾಳೆ ಮಾಡುವ ಕೆಲಸವೂ ಇದೇ: ಚಿತ್ರವನ್ನು ಅದರ ಮೂಲೆಯ ಸಮೇತ ಎತ್ತಿ ಇನ್ನೊಂದು ಕಡೆಗೆ ಒಯ್ಯುವುದು.

ಈ ಚಿತ್ರಗಳ ಮೇಲೆ ಕಲಾವಿದನ ಹೆಸರಿದೆ, ಹೆಚ್ಚಿನವುಗಳಲ್ಲಿ ಪ್ರಕಾಶಕನ ಗುರುತೂ ಇದೆ. ಒತ್ತಿದವನ ಹೆಸರು ಅಪರೂಪ.

ಬಟ್ಟೆಗೆ ಮೂಲೆಯಿಲ್ಲ. ಇದ್ದರೂ ಪ್ರಯೋಜನವಿಲ್ಲ, ಎಳೆದರೆ ಜಗ್ಗುತ್ತದೆ, ಬಿಟ್ಟರೆ ಸುಕ್ಕಾಗುತ್ತದೆ. ಆದ್ದರಿಂದ ನಮ್ಮ ದೇಶದ ಅಚ್ಚಿನ ಬಟ್ಟೆಯವರು ಗುರುತನ್ನು ಹಾಸಿನ ಮೇಲೆ ಇಡದೆ ಅಚ್ಚಿನ ಮೇಲೆಯೇ ಇಟ್ಟರು. ರಾಜಸ್ಥಾನದ ಛಾಪಾ ಕೆಲಸದಲ್ಲಿ ಗೆರೆಯ ಅಚ್ಚಿಗೆ ರೇಖ್, ಹಿನ್ನೆಲೆಯದಕ್ಕೆ ಗದ್, ಬಣ್ಣ ತುಂಬುವುದಕ್ಕೆ ದತ್ತಾ ಎನ್ನುತ್ತಾರೆ. ಅಚ್ಚಿನ ಮೂಲೆಯಲ್ಲಿ ಸಣ್ಣ ಚುಕ್ಕಿಯೊಂದು ಎದ್ದಿರುತ್ತದೆ. ಮೊದಲ ಒತ್ತಿನಲ್ಲಿ ಆ ಚುಕ್ಕಿ ಬಟ್ಟೆಯ ಮೇಲೆ ಬೀಳುತ್ತದೆ. ಮುಂದಿನ ಒತ್ತನ್ನು ಆ ಚುಕ್ಕಿಯ ಮೇಲೆ ಚುಕ್ಕಿ ಇಟ್ಟು ಹೊಡೆಯುತ್ತಾರೆ. ಮಚಲೀಪಟ್ಟಣದ ಕಲಂಕಾರಿಯೂ ಮರದ ಅಚ್ಚಿನಿಂದ ಒತ್ತುವ ಕೆಲಸವೇ. ನಮ್ಮ ಅಜ್ಜಿಯರು ಚೀಟಿ ಬಟ್ಟೆ ಎನ್ನುತ್ತಿದ್ದ ಹೂವಿನ ಬಟ್ಟೆಯ ವಂಶ ಇದು. ಹಳೆಯ ತುಂಡು ಸಿಕ್ಕರೆ ಬೆಳಕಿಗೆ ಹಿಡಿದು ನೋಡಿ. ಬಳ್ಳಿಯ ತಿರುವಿನಲ್ಲಿ, ಎಲೆಯ ತುದಿಯಲ್ಲಿ ಅರ್ಥವಿಲ್ಲದ ಚುಕ್ಕಿಗಳು ಕಾಣುತ್ತವೆ. ಜಾಣ ಕೆತ್ತನೆಗಾರ ಆ ಚುಕ್ಕಿಯನ್ನು ಮೊಗ್ಗಿನೊಳಗೆ ಅಡಗಿಸಿಬಿಡುತ್ತಾನೆ.

ಯುರೋಪಿನ ಮುದ್ರಕರು ಮೂರನೆಯ ದಾರಿ ಹಿಡಿದರು. ಗುರುತು ಹಾಸಿನಲ್ಲೂ ಅಲ್ಲ, ಅಚ್ಚಿನಲ್ಲೂ ಅಲ್ಲ, ಕಾಗದದಲ್ಲೇ. ಮೊದಲ ಸಲ ಒತ್ತುವಾಗ ಹಾಳೆ ಸೂಜಿಗಳಿಗೆ ಚುಚ್ಚಿಕೊಳ್ಳುತ್ತದೆ. ಎರಡನೇ ಸಲ ಅದೇ ತೂತನ್ನು ಅದೇ ಸೂಜಿಗೆ ಸಿಕ್ಕಿಸಬೇಕು. ಗುಟೆನ್‌ಬರ್ಗನ ಬೈಬಲ್ಲಿನ ಹಾಳೆಗಳಲ್ಲೂ ಈ ತೂತುಗಳಿವೆ. ಅಲ್ಲಿ ಪ್ರಶ್ನೆ ಬಣ್ಣದ್ದಷ್ಟೇ ಅಲ್ಲ, ಹಾಳೆಯ ಎರಡು ಮಗ್ಗುಲಿನದು. ಪುಟವನ್ನು ಬೆಳಕಿಗೆ ಹಿಡಿದಾಗ ಈಚೆಯ ಸಾಲಿನ ಬೆನ್ನಿಗೇ ಆಚೆಯ ಸಾಲು ಬರಬೇಕು. 1457ರಲ್ಲಿ ಮೈನ್ಜ್ ನಗರದಲ್ಲಿ ಫುಸ್ಟ್ ಮತ್ತು ಷೋಫರ್ ಮುದ್ರಿಸಿದ ಕೀರ್ತನೆಗಳ ಪುಸ್ತಕದಲ್ಲಿ ಕೆಂಪು-ನೀಲಿ ಬಣ್ಣದ ದೊಡ್ಡ ಮೊದಲಕ್ಷರಗಳಿವೆ. ಒಂದಕ್ಕೊಂದು ಎಷ್ಟು ಬಿಗಿಯಾಗಿ ಕೂತಿವೆಯೆಂದರೆ ಕಣ್ಣಿಗೆ ನಂಬಿಕೆ ಬರುವುದಿಲ್ಲ. ವಿದ್ವಾಂಸರು ಕೊಡುವ ವಿವರಣೆ ಸೊಗಸಾಗಿದೆ: ಅಚ್ಚನ್ನು ಒಂದರೊಳಗೊಂದು ಕೂರುವ ಎರಡು ತುಂಡಾಗಿ ಮಾಡಿ, ಬೇರೆಬೇರೆಯಾಗಿ ಶಾಯಿ ಹಚ್ಚಿ, ಮತ್ತೆ ಜೋಡಿಸಿ ಒಂದೇ ಸಲಕ್ಕೆ ಒತ್ತಿದರು. ಎರಡನೇ ಒತ್ತಿನ ತಲೆನೋವನ್ನೇ ತಪ್ಪಿಸಿಕೊಂಡರು. ಸ್ಕೆಚ್ ಪೆನ್ನಿನಿಂದ ಒಂದೇ ಸ್ಟಾಂಪಿನ ಎಲೆಗೆ ಹಸಿರು, ಹೂವಿಗೆ ಕೆಂಪು ಬಳಿದು ಒಮ್ಮೆಗೇ ಒತ್ತುವ ಇಂದಿನ ಕಾರ್ಡಿನವರು ಅದೇ ದಾರಿಯವರು.

ಕನ್ನಡಕ್ಕೆ ಬರೋಣ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರ ಮುದ್ರಣಾಲಯ ಶುರುವಾದದ್ದು 1841ರಲ್ಲಿ, ಕಲ್ಲಚ್ಚಿನಿಂದ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಕಲ್ಲಿನ ಮೇಲಿಂದಲೇ ಬಂತು. ಕೈಬರಹವನ್ನು ಕಲ್ಲಿಗೆ ಇಳಿಸಿ ಒತ್ತಿದ ಪತ್ರಿಕೆ ಅದು. ಬಣ್ಣ ಒಂದೇ, ಎರಡನೇ ಒತ್ತಿನ ಕಾಟ ಹೆಚ್ಚಿಲ್ಲ. ಮೊಳೆ ಜೋಡಿಸುವ ಕಾಲ ಬಂದ ಮೇಲೆ ಕನ್ನಡದ ಕಾಟ ಬೇರೆಯೇ ಆಯಿತು. ಇಂಗ್ಲಿಷಿನ ಮೊಳೆಗಳು ಸಾಲಾಗಿ ನಿಂತರೆ ಮುಗಿಯಿತು. ನಮ್ಮ ಒತ್ತಕ್ಷರ ಕೆಳಗೆ ಹೋಗಬೇಕು, ಗುಡಿಸು ಮೇಲೆ ಕೂರಬೇಕು, ಅರ್ಕಾವತ್ತು ಪಕ್ಕಕ್ಕೆ ನಿಲ್ಲಬೇಕು. ಬಣ್ಣವಿಲ್ಲದೆಯೂ ನಮ್ಮ ಲಿಪಿಯಲ್ಲಿ ‘ಎಲ್ಲಿ ಕೂರಬೇಕು’ ಎಂಬ ಪ್ರಶ್ನೆ ಪ್ರತಿ ಅಕ್ಷರಕ್ಕೂ ಇದೆ. 1894ರಲ್ಲಿ ಅದೇ ಮುದ್ರಣಾಲಯದಿಂದ ಕಿಟ್ಟೆಲರ ನಿಘಂಟು ಹೊರಬಂತು. ಅದರ ಯಾವ ಪುಟವನ್ನಾದರೂ ತೆರೆದು ಒತ್ತಕ್ಷರಗಳನ್ನು ಮಾತ್ರ ನೋಡುತ್ತ ಹೋಗಿ. ಮೊಳೆ ಜೋಡಿಸಿದವರ ಬೆರಳು ಕಾಣುತ್ತದೆ.

ಅದೇ 1894ರಲ್ಲಿ ಮುಂಬಯಿಯ ಘಾಟ್ಕೋಪರಿನಲ್ಲಿ ರಾಜಾ ರವಿವರ್ಮ ತನ್ನ ಮುದ್ರಣಾಲಯ ತೆರೆದ. ಮುಂದೆ ಅದು ಲೋಣಾವಳದ ಹತ್ತಿರದ ಮಳವಲಿಗೆ ಹೋಗಿ, ಫ್ರಿಟ್ಜ್ ಷ್ಲೈಖರ್ ಎಂಬ ಜರ್ಮನ್ ತಂತ್ರಜ್ಞನ ಕೈಸೇರಿತು. ಕಲ್ಲಚ್ಚನ್ನು ಅಲೋಯ್ಸ್ ಸೆನೆಫೆಲ್ಡರ್ ಕಂಡುಹಿಡಿದದ್ದು 1796ರ ಸುಮಾರಿಗೆ. ಅದರಲ್ಲಿ ಬಣ್ಣದ ಮೇಲೆ ಬಣ್ಣ ಒತ್ತುವ ಕ್ರಮಕ್ಕೆ ಗೊಡ್‌ಫ್ರುವಾ ಎಂಗೆಲ್‌ಮಾನ್ 1837ರಲ್ಲಿ ಫ್ರಾನ್ಸಿನಲ್ಲಿ ಹಕ್ಕುಪತ್ರ ಪಡೆದ. ರವಿವರ್ಮನ ಲಕ್ಷ್ಮಿ, ಸರಸ್ವತಿಯರು ಬಂದದ್ದು ಈ ದಾರಿಯಲ್ಲಿ. ಚಿತ್ರದ ಹೊರಗೆರೆಯನ್ನು ಒಂದು ಕಲ್ಲಿನಿಂದ ತೆಗೆದು, ಕೆಂಪು ಪುಡಿ ಉದುರಿಸಿ, ಉಳಿದ ಎಲ್ಲ ಕಲ್ಲುಗಳಿಗೂ ಮಸುಕಾಗಿ ಇಳಿಸುವುದು ಕಲ್ಲಚ್ಚಿನವರ ಪದ್ಧತಿ. ಕಲಾವಿದರು ಆ ಮಸುಕು ಗೆರೆ ನೋಡಿಕೊಂಡು ಒಂದು ಕಲ್ಲಿನಲ್ಲಿ ಹಳದಿ ಎಲ್ಲೆಲ್ಲಿ, ಇನ್ನೊಂದರಲ್ಲಿ ನಸುಗೆಂಪು ಎಲ್ಲೆಲ್ಲಿ ಎಂದು ಚುಕ್ಕಿ ಹಾಕುತ್ತಾರೆ. ಒತ್ತುವಾಗ ಹಾಳೆಯ ಎರಡು ತುದಿಯ ಗುರುತಿಗೆ ಸೂಜಿ ಚುಚ್ಚಿ, ಅದೇ ಸೂಜಿಯ ಮೊನೆಯನ್ನು ಕಲ್ಲಿನ ಮೇಲಿನ ಗುರುತಿಗೆ ಇಟ್ಟು, ಹಾಳೆಯನ್ನು ಜಾರಿಸಿ ಇಳಿಸುತ್ತಾರೆ. ಎದೋದಲ್ಲಿ ಹಲಗೆಗೆ ಅಂಟಿಸಿದ ಪ್ರತಿ, ಇಲ್ಲಿ ಕೆಂಪು ಪುಡಿ.

ಮಲೆನಾಡಿನ ಹಳೆಯ ಮನೆಗಳ ಜಗಲಿಯಲ್ಲಿ ಈ ಚಿತ್ರಗಳನ್ನು ನೋಡದವರು ಕಡಿಮೆ. ಹೊಗೆ ಕುಡಿದು ಕಂದಾದ ಗಾಜಿನ ಹಿಂದೆ ಲಕ್ಷ್ಮಿ ನಿಂತಿರುತ್ತಾಳೆ. ಮುಂದಿನ ಸಲ ಹತ್ತಿರ ಹೋಗಿ ತುಟಿಯನ್ನು ನೋಡಿ. ಒಳ್ಳೆಯ ಪ್ರತಿಯಲ್ಲಿ ಕೆಂಪು ತುಟಿಯಲ್ಲೇ ಇರುತ್ತದೆ. ಆಮೇಲಿನ ಅಗ್ಗದ ನಕಲುಗಳಲ್ಲಿ ತಾಯಿ ಎಲೆಯಡಿಕೆ ಹಾಕಿಕೊಂಡು ಅವಸರದಲ್ಲಿ ಎದ್ದು ಬಂದಂತೆ ಕಾಣುತ್ತಾಳೆ. ಪೂಜೆಗೆ ಅದರಿಂದ ಕೊರತೆಯೇನೂ ಆಗಲಿಲ್ಲ. ಕೆಲವು ಮನೆಗಳ ಹೆಂಗಸರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ದೇವಿಯ ಸೀರೆಗೆ ಜರಿ, ಮಣಿ, ಚಮಕಿ ಅಂಟಿಸಿ ಹೊಲಿದರು. ಯಂತ್ರದಿಂದ ಬಂದದ್ದನ್ನು ಕೈಯಿಂದ ಮುಗಿಸಿದರು. ಅಂಥ ಪ್ರತಿಗಳನ್ನು ಇಂದು ಸಂಗ್ರಹಕಾರರು ಹುಡುಕಿಕೊಂಡು ಹೋಗುತ್ತಾರೆ.

ಇಲ್ಲಿ ಮಳೆಯ ಮಾತು ಬರಬೇಕು. ಕಾಗದ ಜೀವವಿರುವ ವಸ್ತು ಎಂದು ಭಂಡಿಗಡಿಯಲ್ಲಿ ಜುಲೈ ತಿಂಗಳು ಕಳೆದವರಿಗೆ ಹೇಳಿಕೊಡಬೇಕಿಲ್ಲ. ಯಂತ್ರದಲ್ಲಿ ತಯಾರಾದ ಕಾಗದದ ನಾರುಗಳೆಲ್ಲ ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ತೇವ ಹೀರಿದಾಗ ನಾರು ಉದ್ದಕ್ಕೆ ಬೆಳೆಯುವುದಕ್ಕಿಂತ ಹೆಚ್ಚು ಅಡ್ಡಕ್ಕೆ ಉಬ್ಬುತ್ತದೆ. ಬೆಳಗ್ಗೆ ಮೊದಲ ಬಣ್ಣ ಒತ್ತಿಟ್ಟ ಕಾರ್ಡು ಮಧ್ಯಾಹ್ನದ ಹೊತ್ತಿಗೆ ಒಂದು ಕಡೆಗೆ ಮಾತ್ರ ಅಷ್ಟಿಷ್ಟು ಹಿಗ್ಗಿರುತ್ತದೆ. ಆಗ ಮೂಲೆ ಸರಿಯಾಗಿದ್ದರೂ ಮೂಲೆಯಿಂದ ದೂರದ ತುದಿಯಲ್ಲಿ ಬಣ್ಣ ತಪ್ಪುತ್ತದೆ. ಜಪಾನಿನವರು ಇದಕ್ಕೆ ತಿರುಗಿ ನಿಂತು ಉತ್ತರ ಕೊಟ್ಟರು: ಹಾಳೆಗಳನ್ನು ಮೊದಲೇ ಒಂದೇ ಸಮನಾಗಿ ತೇವ ಮಾಡಿ, ಕೆಲಸ ಮುಗಿಯುವ ತನಕ ಆ ತೇವ ಆರದಂತೆ ಕಾದರು. ತಮಿಳುನಾಡಿನ ಶಿವಕಾಶಿಯಲ್ಲಿ ಹವೆಯೇ ಒಣದು. 1920ರ ದಶಕದ ಆರಂಭದಲ್ಲಿ ಅಯ್ಯ ನಾಡಾರ್ ಮತ್ತು ಷಣ್ಮುಗ ನಾಡಾರ್ ಕಲ್ಕತ್ತೆಗೆ ಹೋಗಿ ಬೆಂಕಿಕಡ್ಡಿ ಮಾಡುವುದನ್ನು ಕಲಿತು ಬಂದರು. ಪೆಟ್ಟಿಗೆಗೆ ಬಣ್ಣದ ಚೀಟಿ ಬೇಕಾಯಿತು, ಚೀಟಿಗಾಗಿ ಅಚ್ಚುಕೂಟಗಳು ಬಂದವು, ಅಚ್ಚುಕೂಟಗಳಿಂದ ದೇಶದ ಗೋಡೆಗೆಲ್ಲ ಕ್ಯಾಲೆಂಡರು ಬಂತು. ಬೆಂಕಿಕಡ್ಡಿ, ಪಟಾಕಿಗೆ ಒದಗಿದ ಒಣಹವೆ ಕಾಗದಕ್ಕೂ ಒದಗಿತು.

ನಮ್ಮ ಹುಡುಗಿಗೆ ಶಿವಕಾಶಿಯ ಹವೆ ಇಲ್ಲ. ಮಳೆಗಾಲದಲ್ಲಿ ಅವಳು ಕಾಗದವನ್ನು ಮುಚ್ಚಳವಿರುವ ಡಬ್ಬದಲ್ಲಿಟ್ಟು, ಒಂದು ಕಾರ್ಡಿನ ಮೂರೂ ಬಣ್ಣವನ್ನು ಒಂದೇ ಕೂರಿಕೆಯಲ್ಲಿ ಮುಗಿಸುತ್ತಾಳೆ. ಕೈಕಾಗದವಾದರೆ ನಾರಿನ ದಿಕ್ಕಿನ ಕಾಟ ಕಡಿಮೆ, ಆದರೆ ಇನ್ನೊಂದು ಫಜೀತಿ: ಅದರ ಅಂಚು ನೇರವಾಗಿರುವುದಿಲ್ಲ. ಗ್ರಾಹಕರು ಇಷ್ಟಪಡುವುದೇ ಆ ತರಿತರಿ ಅಂಚನ್ನು. ಅಂಥ ಅಂಚನ್ನು ಯಾವ ಮೂಲೆಗೆ ತಾಗಿಸುತ್ತೀರಿ? ನೇರವಾಗಿ ಕತ್ತರಿಸಿದ ರಟ್ಟಿನ ಮೇಲೆ ಕೈಕಾಗದವನ್ನು ಹಗುರಾಗಿ ಅಂಟಿಸಿ, ರಟ್ಟಿನ ಮೂಲೆಯನ್ನೇ ಮೂಲೆಯೆಂದು ಬಳಸಿ, ಕೆಲಸ ಮುಗಿದ ಮೇಲೆ ಬಿಡಿಸಿಕೊಳ್ಳುತ್ತಾಳೆ.

2010ರ ದಶಕದಲ್ಲಿ ಈ ಮೂಲೆಗೆ ಕೀಲು ಬಂತು. ಅಮೆರಿಕದ ಇಲಿಯಾನಾ ಮಿಸ್ಕಾ ಎಂಬಾಕೆ ಮಾರುಕಟ್ಟೆಗೆ ತಂದ ಮಿಸ್ಟಿ ಎಂಬ ಸಾಧನ ಪುಸ್ತಕದಂತೆ ತೆರೆದು ಮುಚ್ಚುವ ಪೆಟ್ಟಿಗೆ. ಈಗ ಆ ಬಗೆಯವು ಹಲವು ಹೆಸರಿನಲ್ಲಿ ಸಿಗುತ್ತವೆ. ತಳದಲ್ಲಿ ಕಾರ್ಡನ್ನು ಮೂಲೆಗೆ ತಾಗಿಸಿ ಆಯಸ್ಕಾಂತದ ತುಂಡಿನಿಂದ ಹಿಡಿಸಬೇಕು. ಕಾರ್ಡಿನ ಮೇಲೆ ಸ್ಟಾಂಪನ್ನು ಮುಖ ಕೆಳಗಾಗಿ ಬೇಕಾದಲ್ಲಿ ಇಟ್ಟು ಪಾರದರ್ಶಕ ಮುಚ್ಚಳ ಹಾಕಿದರೆ ಸ್ಟಾಂಪು ಮುಚ್ಚಳಕ್ಕೆ ಅಂಟಿಕೊಂಡು ಮೇಲೆ ಬರುತ್ತದೆ. ಆಮೇಲೆ ಶಾಯಿ ಹಚ್ಚಿ ಎಷ್ಟು ಸಲ ಮುಚ್ಚಿದರೂ ಅಚ್ಚು ಬೀಳುವುದು ಅಲ್ಲೇ. ಇದರಿಂದ ಒದಗಿದ ದೊಡ್ಡ ಉಪಕಾರ, ಒಂದು ಸಲಕ್ಕೆ ಸರಿಯಾಗಿ ಮೂಡದ ಅಚ್ಚನ್ನು ಎಸೆಯಬೇಕಾಗಿಲ್ಲ. ಮತ್ತೆ ಶಾಯಿ ಹಚ್ಚಿ ಮತ್ತೆ ಮುಚ್ಚಿದರಾಯಿತು. ಹೊಸ ಸ್ಟಾಂಪಿನ ಮೇಲ್ಮೈ ಶಾಯಿ ಹಿಡಿಯದೆ ಹನಿಹನಿಯಾಗಿ ನಿಲ್ಲುತ್ತದೆ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಗುರಾಗಿ ಉಜ್ಜಿದರೆ ದಾರಿಗೆ ಬರುತ್ತದೆ. ಇಪ್ಪತ್ತು ಕಾರ್ಡಿಗೆ ಒಂದೇ ಹೂವು ಬೇಕಾದರೆ ಮುಚ್ಚಳದ ಸ್ಟಾಂಪನ್ನು ಕೀಳದೆ ಕಾರ್ಡು ಮಾತ್ರ ಬದಲಿಸುತ್ತ ಹೋಗಬೇಕು, ಇಪ್ಪತ್ತಕ್ಕೂ ಮೊದಲ ಬಣ್ಣ ಮುಗಿಸಿ ಆಮೇಲೆ ಎರಡನೆಯದು. ಚೌಕ ಕಾರ್ಡನ್ನು ಪ್ರತಿ ಒತ್ತಿಗೂ ಕಾಲು ಸುತ್ತು ತಿರುಗಿಸಿ ಅದೇ ಮೂಲೆಗೆ ಕೂರಿಸಿದರೆ ಒಂದೇ ಕೊಂಬೆಯಿಂದ ನಾಲ್ಕು ಕೊಂಬೆಯ ಹಾರವಾಗುತ್ತದೆ. ರಂಗೋಲಿ ಹಾಕುವವರಿಗೆ ಇದನ್ನು ಬಿಡಿಸಿ ಹೇಳುವುದು ಬೇಡ.

“ಇದೆಲ್ಲ ಬಂದ ಮೇಲೆ ಕೈಕೆಲಸ ಅಂತ ಹೇಗೆ ಹೇಳ್ತೀರಿ?” ಎಂದು ಒಬ್ಬ ಗ್ರಾಹಕರು ಅವಳನ್ನು ಕೇಳಿದರಂತೆ. ಅವಳು ಆ ಪ್ರಶ್ನೆಯನ್ನು ನನ್ನ ಹತ್ತಿರ ತಂದಳು. “ದೊಡ್ಡಮ್ಮ, ನಂದು ಮೋಸವಾ?”

ಅಲ್ಲ ಎಂದು ನಾನು ಹೇಳಿದ್ದು ಮಗುವನ್ನು ಸಮಾಧಾನ ಮಾಡಲು ಅಲ್ಲ. ಕೈಕೆಲಸ ಎಂದರೆ ಸ್ವಲ್ಪ ಸೊಟ್ಟಗಿರಬೇಕು, ಬಣ್ಣ ತುಸು ಚೆಲ್ಲಿರಬೇಕು ಎಂಬುದು ಯಂತ್ರದ ಕಾಲದ ಜನ ಕಟ್ಟಿಕೊಂಡ ಹಂಬಲ. ಎದೋದ ಮುದ್ರಕನಿಗೆ ಅದನ್ನು ಹೇಳಿದ್ದರೆ ನಕ್ಕುಬಿಡುತ್ತಿದ್ದ. ಕೈಯಿಂದ ಕೆಲಸ ಮಾಡುವವರೇ ಮೂಲೆಯನ್ನೂ ಚುಕ್ಕಿಯನ್ನೂ ಸೂಜಿಯನ್ನೂ ಕಂಡುಹಿಡಿದುಕೊಂಡದ್ದು. ಯಂತ್ರ ಬಂದು ಅವನ್ನು ಅವರಿಂದ ಕಲಿಯಿತು. ಮೂಲೆ ಮಾಡುವುದು ಇಷ್ಟೇ: ಒಮ್ಮೆ ನಿರ್ಧರಿಸಿದ್ದನ್ನು ಮರೆಯದಂತೆ ನೆನಪಿಟ್ಟುಕೊಳ್ಳುತ್ತದೆ. ಹೂವು ಎಲ್ಲಿರಬೇಕೆಂದು ನಿರ್ಧರಿಸುವ ಕೆಲಸ ಅದಕ್ಕೆ ಬರುವುದಿಲ್ಲ. ಪಾರದರ್ಶಕ ಹಾಳೆಯನ್ನು ಅತ್ತಿತ್ತ ಸರಿಸುತ್ತ ಅವಳು ಸುಮ್ಮನೆ ಕೂರುವ ಆ ಅರ್ಧ ನಿಮಿಷ ಯಾವ ಪೆಟ್ಟಿಗೆಯೊಳಗೂ ಇಲ್ಲ.

ಅವಳಿಗೆ ನಾನು ಎದೋದ ಕಥೆ ಹೇಳುವ ಬದಲು ಕೊಪ್ಪದ ಪೇಟೆಗೆ ಕರೆದುಕೊಂಡು ಹೋದೆ. ಅವಳ ಪೆಟ್ಟಿಗೆಯ ಹತ್ತಿರದ ನೆಂಟ ಜಪಾನಿನಲ್ಲಿಲ್ಲ, ಟ್ರೆಡಲ್ ಮೆಷಿನ್ನಿನಲ್ಲಿದೆ. ಆಫ್‌ಸೆಟ್ ಬರುವ ತನಕ ನಮ್ಮ ಸಣ್ಣ ಊರುಗಳ ಲಗ್ನಪತ್ರಿಕೆ, ರಸೀದಿ ಪುಸ್ತಕ, ಯಕ್ಷಗಾನದ ಕರಪತ್ರ ಎಲ್ಲವೂ ಬರುತ್ತಿದ್ದದ್ದು ಅದರಿಂದ. ನಾವು ನೋಡಿದ್ದು ಓಡುವುದನ್ನು ನಿಲ್ಲಿಸಿ ಎಷ್ಟೋ ಕಾಲವಾಗಿದ್ದ ಒಂದು ಮೆಷಿನ್ನು. ಹಿಂದೆ ಅದನ್ನು ಓಡಿಸುತ್ತಿದ್ದ ಹಿರಿಯರೊಬ್ಬರು ಅಲ್ಲೇ ಕೂತಿದ್ದರು. ಇದೂ ಪುಸ್ತಕದಂತೆ ತೆರೆದು ಮುಚ್ಚುತ್ತದೆ. ಒಂದು ಮಗ್ಗುಲಲ್ಲಿ ಚೇಸಿನೊಳಗೆ ಬಿಗಿದ ಅಕ್ಷರ, ಇನ್ನೊಂದು ಮಗ್ಗುಲಲ್ಲಿ ಕಾರ್ಡು ಇಡುವ ತಟ್ಟೆ. ಮೇಲಿನ ದುಂಡು ತಟ್ಟೆಯಿಂದ ಶಾಯಿ ಹೊತ್ತ ರೋಲರುಗಳು ಅಕ್ಷರದ ಮೇಲೆ ಹಾದು ಮೇಲಕ್ಕೆ ಹೋಗುತ್ತಿದ್ದಂತೆ ತಟ್ಟೆ ಬಂದು ಕಚ್ಚುತ್ತದೆ. ಕಾಲಿನಿಂದ ತುಳಿಯುತ್ತ, ಬಲಗೈಯಿಂದ ಕಾರ್ಡು ಇಟ್ಟು ಎಡಗೈಯಿಂದ ತೆಗೆಯುತ್ತ ಗಂಟೆಗೆ ಸಾವಿರದ ಆಸುಪಾಸು.

ಕಾರ್ಡು ಕೂರುವುದು ಎಲ್ಲಿಗೆ? “ಕೆಳಗೆ ಎರಡು, ಪಕ್ಕಕ್ಕೆ ಒಂದು” ಎಂದರು ಅವರು, ಮೂರು ಬೆರಳು ತೋರಿಸಿ. ತಟ್ಟೆಗೆ ಹೊದೆಸಿದ ದಪ್ಪ ಕಾಗದದ ಮೇಲೆ ಮೂರು ಪಿನ್ನು. ಪಿನ್ನು ಇಲ್ಲದಾಗ ರಟ್ಟಿನ ಚೂರು. ಎರಡು ಬಣ್ಣದ ಲಗ್ನಪತ್ರಿಕೆಯಾದರೆ ಮೊದಲು ಗಣಪತಿಯೂ ‘ಶ್ರೀ’ಯೂ ಕೆಂಪಿನಲ್ಲಿ, ಶಾಯಿ ಒರೆಸಿ ತೊಳೆದು, ಮಾರನೇ ದಿನ ಉಳಿದದ್ದು ಹಸಿರಿನಲ್ಲಿ. ಎರಡು ದಿನವೂ ಕಾರ್ಡಿನ ಅದೇ ಮೂಲೆ ಪಿನ್ನಿಗೆ ತಾಗಬೇಕು. ಕಾರ್ಡಿನ ಕಟ್ಟನ್ನು ತಿರುಗಿಸಿ ಇಟ್ಟುಬಿಟ್ಟರೆ, ಕತ್ತರಿಸಿದಾಗಿನ ಅರ್ಧ ಮಿಲಿಮೀಟರಿನ ವ್ಯತ್ಯಾಸ ಸಾಕು, ಹೆಸರು ಹೋಗಿ ಹೂವಿನ ಅಂಚಿಗೆ ಮುಟ್ಟುತ್ತದೆ. ಅದಕ್ಕಾಗಿ ಕಟ್ಟಿನ ಒಂದು ಮೂಲೆಗೆ ಪೆನ್ಸಿಲಿನಿಂದ ಗೀಟು ಎಳೆದಿಡುತ್ತಿದ್ದರಂತೆ. ಹುಡುಗಿ ಇದನ್ನು ಕೂಡಲೇ ತನ್ನ ನೋಟ್‌ಬುಕ್ಕಿಗೆ ಬರೆದುಕೊಂಡಳು.

ಕಾರ್ಡು ಪಿನ್ನಿಗೆ ಸರಿಯಾಗಿ ಕೂರದಿದ್ದರೆ ಆ ಒಂದು ಒತ್ತನ್ನು ತಪ್ಪಿಸಲು ಪಕ್ಕದಲ್ಲಿ ಒಂದು ಹಿಡಿ ಇರುತ್ತದೆ. ಎಳೆದರೆ ತಟ್ಟೆ ಬಂದರೂ ಕಚ್ಚುವುದಿಲ್ಲ. ಅದನ್ನು ಎಳೆಯದೆ, ಸೊಟ್ಟಗಿರುವ ಕಾರ್ಡನ್ನು ಬೆರಳಿನಿಂದ ಸರಿಮಾಡಲು ಹೋದವರ ಬೆರಳು ಒಳಗೇ ಉಳಿಯುತ್ತಿತ್ತು. ಹಿರಿಯರು ತಮ್ಮ ಬಲಗೈಯನ್ನು ಮೇಜಿನ ಮೇಲೆ ಮಗುಚಿ ಇಟ್ಟರು. ತೋರುಬೆರಳಿನ ತುದಿ ಚಪ್ಪಟೆಯಾಗಿತ್ತು, ಉಗುರು ಅರ್ಧ. “ಮುಹೂರ್ತ ಹತ್ರ ಇತ್ತು ಅಮ್ಮ, ಅವಸರ” ಎಂದರು. ಅಷ್ಟೇ ಹೇಳಿದ್ದು. ಬೆರಳು ಕೊಟ್ಟವರ ಹೆಸರು ಯಾವ ಲಗ್ನಪತ್ರಿಕೆಯಲ್ಲೂ ಇರುವುದಿಲ್ಲ. ಕೊನೆಯ ಸಾಲಿನಲ್ಲಿ ಸಣ್ಣ ಅಕ್ಷರದಲ್ಲಿ ಪ್ರೆಸ್ಸಿನ ಹೆಸರಿದ್ದರೆ ಹೆಚ್ಚು.

ಹುಡುಗಿ ಕೇ��ಿದ ಪ್ರಶ್ನೆ ಬೇರೆ. ಪಿನ್ನನ್ನು ಎಲ್ಲಿ ಚುಚ್ಚಬೇಕೆಂದು ಹೇಗೆ ಗೊತ್ತಾಗುತ್ತದೆ?

ಕಾರ್ಡು ಇಡದೆಯೇ ಮೊದಲ ಒತ್ತು ಕೊಡಬೇಕು ಎಂದರು. ತಟ್ಟೆಗೆ ಹೊದೆಸಿದ ಕಾಗದದ ಮೇಲೆಯೇ ಅಚ್ಚು ಬೀಳುತ್ತದೆ. ಅದನ್ನು ನೋಡಿ, ಅಂಚು ಎಷ್ಟು ಬಿಡಬೇಕೆಂದು ಅಳೆದು, ಕಾರ್ಡಿನ ಅಂಚು ಬರುವ ಜಾಗಕ್ಕೆ ಪಿನ್ನು. ಆಮೇಲೆ ಸೀಮೆಎಣ್ಣೆಯ ಬಟ್ಟೆಯಿಂದ ಆ ಅಚ್ಚನ್ನು ಒರೆಸಿ, ಮೇಲೆ ಪೌಡರು ಉದುರಿಸಬೇಕು. ಇಲ್ಲದಿದ್ದರೆ ಮೊದಲ ಕಾರ್ಡುಗಳ ಬೆನ್ನಿಗೆ ಶಾಯಿ ಹತ್ತುತ್ತದೆ. ಹುಡುಗಿ ನನ್ನ ಕಡೆ ನೋಡಿದಳು. ಅವಳ ಪಾರದರ್ಶಕ ಹಾಳೆ.

ಮೆಷಿನ್ನಿನ ತಟ್ಟೆಗೆ ಕೊನೆಯ ಸಲ ಹೊದೆಸಿದ ಕಾಗದ ಹಾಗೇ ಇತ್ತು. ಎಷ್ಟು ಒರೆಸಿದರೂ ಶಾಯಿ ಪೂರ್ತಿ ಹೋಗುವುದಿಲ್ಲ. ಮಸುಕಾದ ಗಣಪತಿಯ ಮೇಲೆ ಇನ್ನೊಂದು ಗಣಪತಿ, ಒಂದು ‘ಚಿ. ಸೌ.’ ಮೇಲೆ ಇನ್ನೊಂದು ‘ಚಿ. ಸೌ.’, ಯಾವುದೋ ಊರಿನ ಯಾವುದೋ ಕಲ್ಯಾಣಮಂಟಪದ ಮೇಲೆ ಬೇರೊಂದು ಊರಿನ ವಧುವಿನ ಅರ್ಧ ಹೆಸರು. ಸುತ್ತ ಪಿನ್ನು ಚುಚ್ಚಿ ಕಿತ್ತ ತೂತುಗಳು, ಮೂರು ಮೂರರಂತೆ. ಅವಳು ಫೋನಿನಲ್ಲಿ ಅದರ ಫೋಟೋ ತೆಗೆದುಕೊಂಡಳು. ಹಿರಿಯರು ಮೂಲೆಯನ್ನು ಉಗುರಿನಿಂದ ಎಬ್ಬಿಸಿ, ಕಾಗದವನ್ನೇ ಬಿಡಿಸಿ ಸುರುಳಿ ಮಾಡಿ ಅವಳ ಕೈಗೆ ಕೊಟ್ಟರು.